ತಟ್ಟೆಯಲ್ಲಿ ಹನ್ನೊಂದು ಕಾಳು

೧೯೮೫ರ ಮೇ ತಿಂಗಳ ಕೊನೆಯ ಭಾನುವಾರ, ಆಳಂದದ ಒಂದು ತೊಗರಿ ಬೇಳೆ ಮಿಲ್ಲಿನ ಅಂಗಳದಲ್ಲಿ, ಆಳಂದ, ಅಫಜಲಪುರ, ಜೇವರ್ಗಿ ಮೂರು ಊರುಗಳ ಮಕ್ಕಳ ಕಾರು ಓಟದ ಮೂರನೆಯ ವರ್ಷದ ಕೊನೆಯ ಪಂದ್ಯ ನಡೆಯಿತು. ಅಫಜಲಪುರದ ಇಸ್ಮಾಯಿಲ್ ಹನ್ನೆರಡು ಸುತ್ತು ಮುಗಿಸಿ ಮೊದಲಿಗನಾದ. ಆಳಂದದ ಕಸ್ತೂರಿ ಹನ್ನೊಂದು ಸುತ್ತು ಮುಗಿಸಿ ಎರಡನೆಯವಳಾದಳು. ಜೇವರ್ಗಿಯ ಕಾರು ಏಳನೆಯ ಸುತ್ತಿನಲ್ಲಿ ನಿಂತುಹೋಯಿತು. ನೋಟ್‌ಬುಕ್ಕಿನಲ್ಲಿ ಅಂದು ಬರೆದದ್ದು ಇಷ್ಟೇ. ಬರೆದವಳು ನಾನು. ಆಗ ನನಗೆ ಹದಿಮೂರು ವರ್ಷ.

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಮನುಷ್ಯರಿಗಿಂತ ಲೇತ್ ಯಂತ್ರಕ್ಕೆ ಹೆಚ್ಚು ಜಾಗವಿತ್ತು. ಅಪ್ಪ ಅದರ ಮೇಲೆ ಟ್ರಕ್ಕಿನ, ಪಂಪಿನ, ಕಬ್ಬಿನ ಗಾಣದ ಭಾಗಗಳನ್ನು ಕಡೆದು ಕೊಡುತ್ತಿದ್ದ. ಬೆಳಿಗ್ಗೆ ಅವ್ವ ರಂಗೋಲಿ ಹಾಕುವ ಮೊದಲು ಹೊಸ್ತಿಲ ತನಕ ಬಂದಿರುತ್ತಿದ್ದ ಕಬ್ಬಿಣದ ಸುರುಳಿಗಳನ್ನು ಗುಡಿಸಬೇಕಿತ್ತು. ಗುಡಿಸದಿದ್ದರೆ ಯಾರದಾದರೂ ಕಾಲಿಗೆ ಚುಚ್ಚುತ್ತಿದ್ದವು. ಪಡಸಾಲೆಯ ಹಿಂದೆ ಕತ್ತಲೆಯ ಅಡುಗೆಮನೆ, ಅದರ ಪಕ್ಕದಲ್ಲಿ ಪೂಜೆಯ ಸಣ್ಣ ಕೋಣೆ, ಹಿತ್ತಲಲ್ಲಿ ಎಮ್ಮೆಯ ಕೊಟ್ಟಿಗೆ. ಸ್ನಾನವಾದ ಮೇಲೆ ಮನೆಯವರೆಲ್ಲ ಪೂಜೆಗೆ ಕೂರುವುದು ಪದ್ಧತಿ. ಅಪ್ಪ ಎಡಗೈಯಲ್ಲಿ ಲಿಂಗ ಹಿಡಿದು ಕಣ್ಣುಮುಚ್ಚಿದರೆ ಅವನ ಉಗುರುಗಳ ಕೆಳಗಿನ ಕಪ್ಪು ಎಲ್ಲರಿಗೂ ಕಾಣುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಕಣ್ಣುಮುಚ್ಚಿಕೊಂಡೇ ಹೇಳುತ್ತಿದ್ದಳು:

"ಶರಣ್ಯಾ, ಲಿಂಗಕ್ಕ ವಿಭೂತಿ ಹಚ್ಚೋ, ಗ್ರೀಸ್ ಹಚ್ಚಬ್ಯಾಡ."

ನಾನು ಹುಟ್ಟುವ ಮೊದಲು ಅಪ್ಪ ಆರು ವರ್ಷ ಮದ್ರಾಸಿನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದ. ಅದರ ಮಾಲೀಕರಿಗೆ ಓಟದ ಕಾರುಗಳ ಹುಚ್ಚು. ಊರ ಹೊರಗೆ ವಿಮಾನ ಇಳಿಯುವುದನ್ನು ನಿಲ್ಲಿಸಿದ ಒಂದು ಹಳೆಯ ಪಟ್ಟಿಯ ಮೇಲೆ ವರ್ಷಕ್ಕೊಮ್ಮೆ ಓಟ. ಅಪ್ಪ ಅಲ್ಲಿ ಕಂಡದ್ದನ್ನು ಊಟದ ಹೊತ್ತಿನಲ್ಲಿ ತೋರಿಸುತ್ತಿದ್ದ. ಜೋಳದ ರೊಟ್ಟಿಯ ತುಂಡನ್ನು ಉದ್ದಕ್ಕೆ ಮಡಚಿ ತಟ್ಟೆಯ ನಡುವೆ ಇಟ್ಟು, ನಾಲ್ಕು ಮೂಲೆಗೆ ನಾಲ್ಕು ಉಳ್ಳಾಗಡ್ಡಿ ಹೋಳು ನಿಲ್ಲಿಸಿ, "ನೋಡು, ಗಾಲಿ ಹೊರಗ, ಮೈ ಒಳಗ. ಒಬ್ರೇ ಕುಂದ್ರೋದು," ಅನ್ನುತ್ತಿದ್ದ. ದೊಡ್ಡ ಓಟಕ್ಕೆ ಹೋಗುವ ಮುಂಚೆ ಎಳೆಯರಿಗೆ ಬೇರೆ ಓಟ ಇರುತ್ತದೆ, ಅಲ್ಲಿ ಎಲ್ಲರಿಗೂ ಒಂದೇ ಎಂಜಿನ್, ಒಂದೇ ಟೈರು, ಒಂದೇ ತೂಕ ಎಂದು ವಿವರಿಸುತ್ತಿದ್ದ.

"ಎಲ್ಲಾ ಒಂದೇ ನಮೂನಿ ಇರ್ತಾವ. ಬ್ಯಾರೆ ಅಂದ್ರ ಒಳಗ ಕುಂತವರು ಅಷ್ಟ. ಅದಕ್ಕ ಯಾರೂ ನೆವ ಹೇಳೂ ಹಂಗಿಲ್ಲ."

ಆಮೇಲೆ ಕಾರನ್ನು ಶೇಂಗಾ ಹಿಂಡಿಗೆ ಅದ್ದಿ ತಿನ್ನುತ್ತಿದ್ದ.

ನನಗೆ ಒಂಬತ್ತು ವರ್ಷವಾದಾಗ ಅವನು ಅಂಥದೊಂದು ಕಾರು ಮಾಡಲು ಕೂತ. ಎಮ್ಮೆಯನ್ನು ಕೊಟ್ಟಿಗೆಯಿಂದ ಹಿತ್ತಲ ಬೇವಿನ ಮರಕ್ಕೆ ವರ್ಗಾಯಿಸಿದ. ಆಯಿ ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ನನ್ನನ್ನು ಮಿಲ್ಲಿನಿಂದ ತಂದ ಖಾಲಿ ಚೀಲದ ಮೇಲೆ ಕಾಲು ಚಾಚಿ ಕೂರಿಸಿ, ಒಂದು ಸುತಳಿ ಹಿಡಿದು ಅಳತೆ ತೆಗೆದ. ಬೆನ್ನಿನಿಂದ ಹಿಮ್ಮಡಿಗೆ ಒಂದು ಗಂಟು, ಹೆಗಲಿನಿಂದ ಮುಷ್ಟಿಗೆ ಒಂದು ಗಂಟು, ಸೊಂಟದ ಅಗಲಕ್ಕೆ ಒಂದು ಗಂಟು. ಆ ಸುತಳಿಯನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕಿದ. ಪೈಪು ಕತ್ತರಿಸುವ ಮುಂಚೆ ಪ್ರತಿ ಸಲ ಅದನ್ನು ಕೆಳಗಿಳಿಸಿ ನೋಡುತ್ತಿದ್ದ. ನಾನು ಶಾಲೆಯಿಂದ ಬಂದವಳೇ ಕೊಟ್ಟಿಗೆಗೆ ಹೋಗಿ ಸುತಳಿ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಅದು ಅಲ್ಲಿರುವ ತನಕ ಕಾರು ನನ್ನದು ಎಂದು ನನ್ನ ಲೆಕ್ಕ.

ಕಾರು ಮುಗಿಯಲು ಎರಡು ವರ್ಷ ಹಿಡಿಯಿತು. ಅಷ್ಟರೊಳಗೆ ಅಪ್ಪನ ಇಬ್ಬರು ಸ್ನೇಹಿತರೂ ಅದೇ ಅಳತೆಯಲ್ಲಿ ಒಂದೊಂದು ಕಾರು ಕಟ್ಟಿದ್ದರು: ಅಫಜಲಪುರದಲ್ಲಿ ವೆಲ್ಡಿಂಗ್ ಅಂಗಡಿಯ ರಸೂಲ್ ಚಾಚಾ, ಜೇವರ್ಗಿಯಲ್ಲಿ ಒಬ್ಬ ಟ್ರ್ಯಾಕ್ಟರ್ ಮಿಸ್ತ್ರಿ. ಮೂರಕ್ಕೂ ಹಳೆಯ ಸ್ಕೂಟರಿನ ಎಂಜಿನ್, ಸ್ಕೂಟರಿನದೇ ಗಾಲಿ. ಬೇಸಿಗೆ ರಜೆಯಲ್ಲಿ ಮೂರು ಪಂದ್ಯ: ಆಳಂದದಲ್ಲಿ ತೊಗರಿ ಒಣಹಾಕುವ ಫರಸಿ ಕಲ್ಲಿನ ಅಂಗಳ, ಅಫಜಲಪುರದಲ್ಲಿ ಅರಳೆ ಮಿಲ್ಲಿನ ಹಿಂದಿನ ಬಯಲು, ಜೇವರ್ಗಿಯಲ್ಲಿ ಇನ್ನೂ ಡಾಂಬರು ಬೀಳದ ಹೊಸ ರಸ್ತೆಯ ತುಂಡು. ಓಡಿಸುವವರು ಹದಿನಾಲ್ಕು ದಾಟಿರಬಾರದು. ಓಟದ ಮುಂಚೆ ಮಿಲ್ಲಿನ ಕಾಟಾದ ಮೇಲೆ ಮಕ್ಕಳನ್ನು ತೂಗಿ, ಹಗುರಾದವರ ಕಾರಿಗೆ ಕೊರತೆಯಷ್ಟು ತೊಗರಿಯ ಗಂಟು ಕಟ್ಟುವುದು. ಗೆದ್ದ ಊರಿಗೆ ಮುಂದಿನ ಬೇಸಿಗೆಯ ತನಕ ಒಂದು ಹಿತ್ತಾಳೆ ತಂಬಿಗೆ.

ಮೊದಲ ಬೇಸಿಗೆಗೆ ಸರಿಯಾಗಿ ಕಾರು ಕೊಟ್ಟಿಗೆಯಿಂದ ಹೊರಬಂತು. ಅದರ ಮೂಗಿಗೆ ಅಪ್ಪ ಮೂರು ಬೆರಳಿನಿಂದ ವಿಭೂತಿ ಎಳೆದ. ನಾನು ಹೊಸ ಲಂಗ ಉಟ್ಟು ಹೋಗಿ ಕೂತೆ. ಕಾಲು ಒಳಗೆ ಹೋಯಿತು. ಮೊಣಕಾಲು ಸ್ಟೇರಿಂಗಿಗೆ ತಗುಲಿ ನಿಂತಿತು. ಅಪ್ಪ ಹಿಂದೆ ಸರಿಯಲು ಹೇಳಿದ. ಹಿಂದೆ ಎಂಜಿನ್ ಇತ್ತು. ಎರಡು ವರ್ಷದಲ್ಲಿ ನಾನು ಗೇಣುದ್ದಕ್ಕಿಂತ ಹೆಚ್ಚು ಬೆಳೆದಿದ್ದೆ. ಅಪ್ಪ ಪೈಪಿನ ಅಳತೆ ನೋಡಿಕೊಂಡಿದ್ದನೇ ಹೊರತು ನನ್ನ ಕಡೆ ನೋಡಿರಲಿಲ್ಲ.

ಕಸ್ತೂರಿ ಆ ವರ್ಷವೇ ಗೊಬ್ಬೂರಿನಿಂದ ಓದಲೆಂದು ನಮ್ಮ ಮನೆಗೆ ಬಂದಿದ್ದಳು. ಅಪ್ಪನ ತಂಗಿಯ ಮಗಳು. ನನಗಿಂತ ಆರು ತಿಂಗಳಿಗೆ ದೊಡ್ಡವಳು, ನನ್ನ ಕಿವಿಯ ಮಟ್ಟಕ್ಕೆ ಬರುತ್ತಿದ್ದಳು. ಎಮ್ಮೆಯ ಪಕ್ಕ ನಿಂತು ನೋಡುತ್ತಿದ್ದವಳು ಕೇಳಿದಳು:

"ಮಾಮಾ, ನಾ ಒಂದ್ ಸಲ ಕುಂದ್ರಲೇನ್ರಿ?"

"ಕುಂದ್ರವ್ವ. ಸುಮ್ನ ನೋಡೂಣು."

ಅವಳು ಲಂಗ ಎತ್ತಿ ಕಟ್ಟಿ ಇಳಿದು ಕೂತಳು. ಕೈ, ಕಾಲು, ಸೊಂಟ, ಎಲ್ಲವೂ ಹೋಗಿ ಕೂಡಬೇಕಾದಲ್ಲಿ ಕೂಡಿದವು.

"ಅಯ್ಯ, ಹೇಳಿ ಮಾಡಿಸಿದಂಗ ಅದಲ್ಲ!" ಎಂದಳು ಅವ್ವ.

ಹೇಳಿ ಮಾಡಿಸಿದ್ದು ಹೌದು, ಅಳತೆ ನನ್ನದು. ಅಂದು ಮಧ್ಯಾಹ್ನ ಅಪ್ಪ ಮೊಳೆಯಿಂದ ಸುತಳಿ ಇಳಿಸಿ, ಪೆಡಲಿನ ದೂರವನ್ನು ಇನ್ನಷ್ಟು ಸರಿಮಾಡಲು ನನ್ನ ಗಂಟುಗಳನ್ನು ಬಿಚ್ಚಿ ಅದೇ ಸುತಳಿಗೆ ಅವಳ ಗಂಟು ಹಾಕಿದ. ಬೇರೆ ಸುತಳಿ ಇರಲಿಲ್ಲವೆಂದಲ್ಲ. ಲೇತಿನ ಕೆಳಗೆ ಒಂದು ಉಂಡೆಯೇ ಇತ್ತು.

ಆಮೇಲಿನ ಎರಡು ವರ್ಷ ಮನೆಯಲ್ಲಿ ನಾನು ನೋಡಿದ್ದೆಲ್ಲ ಅವಳನ್ನೇ. ರೊಟ್ಟಿಯ ಬುಟ್ಟಿಯಿಂದ ಅವಳು ಮೊದಲ ರೊಟ್ಟಿ ತೆಗೆದರೆ ನೋಡಿದೆ, ಕೊನೆಯದನ್ನು ನನಗೆ ಬಿಟ್ಟರೂ ನೋಡಿದೆ. ಅಪ್ಪ ಅವಳಿಗೆ ಬ್ರೇಕಿನ ಬಗ್ಗೆ ಹೇಳುವಾಗ ರೊಟ್ಟಿ ಮಡಚಿ ಉಳ್ಳಾಗಡ್ಡಿ ಇಡುತ್ತಿದ್ದ; ಮುಂಚೆ ನನ್ನ ತಟ್ಟೆಯಲ್ಲಿ ಇಡುತ್ತಿದ್ದುದನ್ನು ಈಗ ಅವಳ ತಟ್ಟೆಯಲ್ಲಿ. ಭಾನುವಾರ ಅವ್ವ ನಮ್ಮಿಬ್ಬರಿಗೂ ಎಣ್ಣೆ ಹಚ್ಚಿದರೆ ಯಾರ ತಲೆಗೆ ಹೆಚ್ಚು ಹೊತ್ತು ತಿಕ್ಕಿದಳು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಕಸ್ತೂರಿಗೆ ಇದಾವುದೂ ಗೊತ್ತಿರಲಿಲ್ಲ. ಹೊಂದಿಕೊಳ್ಳಲು ಬಂದವಳಾದ್ದರಿಂದ ಎಲ್ಲದಕ್ಕೂ ನಗುತ್ತಿದ್ದಳು. ಅದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ಒಮ್ಮೆ ನಾನು ಬೇಕೆಂದೇ ಅವಳ ಲಂಗಕ್ಕೆ ಗ್ರೀಸು ಒರೆಸಿದೆ. ಆಯಿಗೆ ದೃಷ್ಟಿ ಮಂಜಾಗಿದ್ದರೂ ಇಂಥದು ತಪ್ಪುತ್ತಿರಲಿಲ್ಲ.

"ಯಾಕ ಬೇ ಮಾದೇವಿ, ಆಕಿ ಮ್ಯಾಲ ಉರೀತಿ? ನಿಂಗ ಕಾಲು ಉದ್ದ ಬಂದ್ರ ಆಕಿ ಏನ್ ಮಾಡಬೇಕು?"

"ನಾ ಏನೂ ಮಾಡಿಲ್ಲ ಆಯಿ."

"ಮಾಡಿದ್ದು ಕಾಣ್ತದ. ಮಾಡಾಕತ್ತದ್ದೂ ಕಾಣ್ತದ."

ನನ್ನ ಮುಖ ನೋಡಿ ಅಪ್ಪನಿಗೂ ಏನೋ ಅನಿಸಿರಬೇಕು. ಒಂದು ಇನ್ನೂರು ಪುಟದ ನೋಟ್‌ಬುಕ್ಕು ತಂದುಕೊಟ್ಟು, "ಇನ್ಮ್ಯಾಲ ಲೆಕ್ಕ ನಿಂದು. ನೀ ಬರದದ್ದೇ ಖರೆ," ಎಂದ. ಮದ್ರಾಸಿನ ಓಟದಲ್ಲಿ ಹಾಗೆ ಬರೆಯುವವರಿಗೆ ಬೇರೆ ಮೇಜು, ಬೇರೆ ಕೊಡೆ ಇರುತ್ತದಂತೆ. ನಾನು ಬರೆಯತೊಡಗಿದೆ. ಯಾರು ಗೆದ್ದರು, ಯಾರ ಚೈನು ಹರಿಯಿತು, ಗಾಳಿ ಯಾವ ಕಡೆಯಿತ್ತು. ಚೆಂದ ಅಕ್ಷರ, ಒಂದನ್ನೂ ಹೊಡೆದು ತಿದ್ದಿರಲಿಲ್ಲ.

ಸುತ್ತು ಎಣಿಸುವ ಕ್ರಮ ಬಂದದ್ದು ಮೊದಲ ವರ್ಷದ ಜಗಳದಿಂದ. ಮೂರು ಕಾರು ಒಂದೇ ಅಂಗಳದಲ್ಲಿ ಧೂಳೆಬ್ಬಿಸಿ ತಿರುಗಿದರೆ ಯಾರು ಮುಂದೆ, ಯಾರು ಒಂದು ಸುತ್ತು ಹಿಂದೆ ಎಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಅಫಜಲಪುರದವರು ಒಂದು ಹೇಳಿದರು, ನಾವೊಂದು ಹೇಳಿದೆವು, ಕೊರಳಪಟ್ಟಿ ಹಿಡಿಯುವ ತನಕ ಹೋಯಿತು. ಆಗ ಆಯಿ ದಾರಿ ತೋರಿಸಿದಳು. ಮಿಲ್ಲಿನಲ್ಲಿ ಹಮಾಲರು ಚೀಲ ಹೊತ್ತು ಹಾಕುವಾಗ ಚೀಲಕ್ಕೊಂದು ಕಾಳು ಪಕ್ಕಕ್ಕಿಡುತ್ತಾರೆ. ಕೊನೆಗೆ ಕಾಳು ಎಣಿಸಿದರೆ ಮುಗಿಯಿತು, ಬಾಯಿಮಾತು ನಡೆಯುವುದಿಲ್ಲ. ಹಾಗೆಯೇ ಮೂರು ಊರಿಗೆ ಮೂರು ತಟ್ಟೆ. ಕಾರು ಮುಂದೆ ಹಾದಾಗೊಮ್ಮೆ ಅದರ ತಟ್ಟೆಗೆ ಒಂದು ತೊಗರಿ ಕಾಳು. ಯಾವ ತಟ್ಟೆಯಲ್ಲಿ ಮೊದಲು ಹನ್ನೆರಡಾಗುತ್ತದೋ ಅದಕ್ಕೆ ಆಯಿ ಕೆಂಪು ಟವೆಲ್ ಬೀಸುವುದು. ತಟ್ಟೆಯಲ್ಲಿದ್ದದ್ದೇ ಕೊನೆಯ ಮಾತು. ಕಾಳು ಹಾಕುವ ಕೆಲಸವೂ ನೋಟ್‌ಬುಕ್ಕಿನ ಜೊತೆ ನನಗೇ ಬಂತು.

ಮೊದಲ ವರ್ಷ ಜೇವರ್ಗಿಗೆ ತಂಬಿಗೆ ಹೋಯಿತು, ಎರಡನೆಯ ವರ್ಷ ಅಫಜಲಪುರಕ್ಕೆ. ಮೂರನೆಯ ವರ್ಷ ಕಸ್ತೂರಿ ಜೇವರ್ಗಿಯಲ್ಲಿ ಗೆದ್ದಳು. ರಸೂಲ್ ಚಾಚಾ ಅವರ ಮಗ ಇಸ್ಮಾಯಿಲ್ ಅಫಜಲಪುರದಲ್ಲಿ ಗೆದ್ದ. ಉಳಿದದ್ದು ಆಳಂದ. ಆ ನಡುವೆ ಮದ್ರಾಸಿನ ಮಾಲೀಕರಿಂದ ಕಾರ್ಡು ಬಂತು. ಈ ವರ್ಷ ಗೆದ್ದ ಮಗುವನ್ನು ಕರೆತಾ, ರಜೆಯಲ್ಲಿ ಮನೆಯಲ್ಲೇ ಇಟ್ಟುಕೊಂಡು ನಿಜವಾದ ಓಟದ ಕಾರಿನಲ್ಲಿ ಕೂರಿಸಿ ಕಲಿಸುತ್ತೇನೆ, ಗುಣ ಕಂಡರೆ ಎಳೆಯರ ಓಟಕ್ಕೆ ಇಳಿಸುತ್ತೇನೆ ಎಂದು. ಅಪ್ಪ ಅದನ್ನು ಪಡಸಾಲೆಯಲ್ಲಿ ನಿಂತು ಎರಡು ಸಲ ಓದಿದ. ಕಸ್ತೂರಿ ಗೋಡೆಗೆ ಒರಗಿ ಕೇಳಿದಳು. ಆ ವಾರವೆಲ್ಲ ಅವಳು ಮದ್ರಾಸಿನ ಬಗ್ಗೆ ನನ್ನನ್ನೇ ಕೇಳುತ್ತಿದ್ದಳು, ಅಪ್ಪನ ಕಥೆಗಳು ನನಗೆ ಹೆಚ್ಚು ಗೊತ್ತಿದ್ದುದರಿಂದ.

"ಅಲ್ಲಿ ರೊಟ್ಟಿ ಸಿಗ್ತಾವೇನ್ ಬೇ ಮಾದೇವಿ?"

"ಸಿಗಂಗಿಲ್ಲ. ಬರೇ ಅನ್ನ."

"ಹ್ವಾದ್ರ ಹೋಗ್ಲಿ. ಅನ್ನಾನೇ ತಿಂತೇನಿ."

ಅವಳಿಗೆ ಹೋಗುವುದು ಅಷ್ಟು ಬೇಕಾಗಿತ್ತು. ನನಗೆ ಅದು ಗೊತ್ತಿತ್ತು.

ಓಟದ ದಿನ ಅಂಗಳದ ಸುತ್ತ ಐವತ್ತು ಅರವತ್ತು ಜನ. ಬೇವಿನ ನೆರಳಿನಲ್ಲಿ ಆಯಿ ಮತ್ತು ನಾನು, ನಮ್ಮ ಮುಂದೆ ಕಲ್ಲಿನ ಮೇಲೆ ಮೂರು ತಟ್ಟೆ, ನನ್ನ ತೊಡೆಯ ಮೇಲೆ ತೊಗರಿಯ ಚೀಲ. ಮೂರನೆಯ ಸುತ್ತಿನಲ್ಲಿ ಕಸ್ತೂರಿಯ ಎಂಜಿನ್ ಆರಿತು. ಅಪ್ಪ ಓಡಿಹೋಗಿ ಕಿಕ್ ಹೊಡೆದ. ಒಮ್ಮೆ, ಎರಡು ಸಲ, ಏಳು ಸಲ. ಎಂಜಿನ್ ಹತ್ತುವಷ್ಟರಲ್ಲಿ ಇಸ್ಮಾಯಿಲ್ ಅವಳ ಬೆನ್ನಿಗೇ ಬರುವಷ್ಟು ಮುಂದೆ ಹೋಗಿದ್ದ. ಅವಳು ಒಂದು ಸುತ್ತು ಕಳೆದುಕೊಂಡಳೆಂದೇ ಎಲ್ಲರೂ ತಿಳಿದರು. ಕಳೆದುಕೊಂಡಿರಲಿಲ್ಲ, ಪೂರ್ತಿ ಒಂದು ಸುತ್ತು ಹಿಂದೆ ಬೀಳಲು ಇನ್ನೂ ಸ್ವಲ್ಪ ಉಳಿದಿತ್ತು. ಆಮೇಲೆ ಅವಳು ಓಡಿಸಿದ ರೀತಿಯನ್ನು ನಾನು ಬರೆದಿಲ್ಲ. ಈಗ ಬರೆಯುತ್ತೇನೆ: ತಿರುವಿನಲ್ಲಿ ಬ್ರೇಕ್ ಹಿಡಿಯುತ್ತಿರಲಿಲ್ಲ, ಹಿಂದಿನ ಗಾಲಿಯನ್ನು ಕಲ್ಲಿನ ಮೇಲೆ ಜಾರಿಸಿಯೇ ಕಾರು ತಿರುಗಿಸುತ್ತಿದ್ದಳು. ಒಂಬತ್ತನೆಯ ಸುತ್ತು ಮುಗಿಯುವಾಗ ಅವಳು ಇಸ್ಮಾಯಿಲನ ಮುಂದೆ ಬಂದಿದ್ದಳು. ನಾನು ಅವಳ ತಟ್ಟೆಗೆ ಒಂಬತ್ತನೆಯ ಕಾಳು ಹಾಕಿದೆ. ಮಿಲ್ಲಿನ ಕಾವಲುಗಾರನ ಕೋಳಿಯೊಂದು ಕಲ್ಲಿನ ಹಿಂದಿನಿಂದ ಕತ್ತು ಚಾಚಿ, ಆ ತಟ್ಟೆಯಿಂದ ಒಂದು ಕಾಳು ಕುಕ್ಕಿಕೊಂಡು ಹೋಯಿತು.

ನಮ್ಮ ಮನೆತನಗಳಲ್ಲಿ ಕೋಳಿ ಸಾಕುವ ಪದ್ಧತಿಯಿಲ್ಲ. ಕಾಳಿಟ್ಟ ತಟ್ಟೆಯ ಹತ್ತಿರ ಕೋಳಿ ಬಂದೀತು ಎಂಬುದು ನಿಯಮ ಮಾಡಿದ ಆಯಿಗಾಗಲಿ ಅಪ್ಪನಿಗಾಗಲಿ ಹೊಳೆದಿರಲಿಲ್ಲ. ರಸೂಲ್ ಚಾಚಾ ಅವರ ಮನೆ ತುಂಬ ಕೋಳಿಗಳಿದ್ದವು. ಅವರನ್ನು ಯಾರೂ ಕೇಳಿರಲಿಲ್ಲ.

ಆಯಿ ಮಂಜುಗಣ್ಣಿನಲ್ಲಿ ಕಾರುಗಳ ಸದ್ದಿನ ಕಡೆ ನೋಡುತ್ತಿದ್ದಳು. ನನ್ನ ಮುಷ್ಟಿಯಲ್ಲಿ ಕಾಳುಗಳಿದ್ದವು. ಒಂದನ್ನು ಹಾಕಲು ಎಷ್ಟು ಹೊತ್ತು ಬೇಕು? ಕಾರು ಮತ್ತೆ ಸುತ್ತಿ ಬರುವ ತನಕ ಹೊತ್ತಿತ್ತು. ಹತ್ತನೆಯ ಸುತ್ತಿಗೆ ಅವಳು ಬಂದಳು, ಒಂದು ಹಾಕಿದೆ, ತಟ್ಟೆಯಲ್ಲಿ ಒಂಬತ್ತಾಯಿತು. ಹನ್ನೊಂದನೆಯದಕ್ಕೆ ಹತ್ತು. ಹನ್ನೆರಡನೆಯ ಸುತ್ತು ಮುಗಿಸಿ ಅವಳು ನಮ್ಮ ಮುಂದೆ ಹಾದಾಗ ಟವೆಲ್ ಏಳಲಿಲ್ಲ. ಅವಳು ತಲೆ ಹೊರಳಿಸಿ ನಮ್ಮ ಕಡೆ ನೋಡಿದ್ದು ನನಗೆ ಕಂಡಿತು. ಅವಳ ಹಿಂದೆಯೇ ಇಸ್ಮಾಯಿಲ್ ಬಂದ. ಅವನ ತಟ್ಟೆಗೆ ಕಾಳು ಹಾಕಿ ನಾನು "ಹನ್ನೆರಡು" ಎಂದೆ. ಆಯಿ ಟವೆಲ್ ಬೀಸಿದಳು.

ರಸೂಲ್ ಚಾಚಾ ತಮ್ಮ ಮಗ ಗೆದ್ದದ್ದನ್ನು ನಂಬದೆ ಬಂದರು.

"ಶರಣಪ್ಪಣ್ಣ, ನಮ್ಮ ಹುಡುಗಗಿಂತ ಮುಂದ ಹುಡುಗಿ ಹೋಯ್ತಲ್ಲ ಭಾಯಿ?"

"ನಡುವ ನಿಂತಿತ್ತಲ್ರಿ ಭಾಯಿ. ಒಂದ್ ಸುತ್ತು ಹಿಂದಿದ್ಳು ಕಾಣ್ತದ," ಎಂದ ಅಪ್ಪ. ನನ್ನ ಕಡೆ ತಿರುಗಿದ. "ಎಷ್ಟು ಕಾಳು ಅದಾವ ಮಾದೇವಿ?"

"ಹನ್ನೊಂದು."

"ಎಣಿಸಿ ಹೇಳವ್ವ."

ಎಲ್ಲರೆದುರು ಒಂದೊಂದಾಗಿ ಸರಿಸಿ ಎಣಿಸಿದೆ. ಹನ್ನೊಂದು. ನಾನು ಸುಳ್ಳು ಹೇಳಲಿಲ್ಲ. ತಟ್ಟೆಯಲ್ಲಿ ಹನ್ನೊಂದೇ ಇದ್ದವು.

ಕಸ್ತೂರಿ ಕಾರಿನಿಂದ ಇಳಿದು ಬಂದು ತಟ್ಟೆಯನ್ನು ನೋಡಿದಳು. ಆಮೇಲೆ ಹೋಗಿ ಅಪ್ಪನ ಜೊತೆ ಕಾರು ತಳ್ಳತೊಡಗಿದಳು. ಅಂದು ಊಟಕ್ಕೆ ಅವ್ವ ಗೋಧಿ ಬೆಲ್ಲದ ಮಾದ್ಲಿ ಮಾಡಿದ್ದಳು, ಗೆದ್ದರೆ ಇರಲೆಂದು ಬೆಳಿಗ್ಗೆಯೇ. ಅಪ್ಪ ಅದನ್ನು ಮುಟ್ಟಲಿಲ್ಲ. ಕಸ್ತೂರಿ ತನ್ನ ಪಾಲಿನ ಅರ್ಧವನ್ನು ನನ್ನ ತಟ್ಟೆಗೆ ಹಾಕಿ, "ನೀ ಬಿಸಿಲಾಗ ಕುಂತು ಬರ್ದಿ, ತಿನ್ನು," ಎಂದಳು. ನಾನು ತಿಂದೆ.

ಮುಂದಿನ ವಾರ ಅಪ್ಪ ಇಸ್ಮಾಯಿಲನನ್ನು ಮದ್ರಾಸಿಗೆ ಬಿಟ್ಟುಬಂದ. ಅದರ ಮುಂದಿನ ಬೇಸಿಗೆಯ ಹೊತ್ತಿಗೆ ಕಸ್ತೂರಿ ಹದಿನಾಲ್ಕು ದಾಟಿದ್ದಳು, ಇಸ್ಮಾಯಿಲ್ ಊರಲ್ಲಿರಲಿಲ್ಲ, ಜೇವರ್ಗಿಯ ರಸ್ತೆಗೆ ಡಾಂಬರು ಬಿದ್ದು ಬಸ್ಸು ಓಡತೊಡಗಿತ್ತು. ಮೂರು ಊರಿನ ಓಟ ಅಲ್ಲಿಗೆ ನಿಂತಿತು. ನಮ್ಮ ಕಾರಿನ ಎಂಜಿನ್ನನ್ನು ಅಪ್ಪ ಬಿಚ್ಚಿ ಬಾವಿಯ ಪಂಪಿಗೆ ಜೋಡಿಸಿದ. ಎಮ್ಮೆ ಕೊಟ್ಟಿಗೆಗೆ ಮರಳಿತು. ಸುತಳಿ ಮೊಳೆಯಲ್ಲೇ ಇತ್ತು, ಅವಳ ಗಂಟುಗಳೊಂದಿಗೆ.

ನಾನು ಪತ್ರಿಕೆಯ ಕೆಲಸಕ್ಕೆ ಸೇರಿದೆ. ತೊಂಬತ್ತರ ದಶಕದ ಆರಂಭದಲ್ಲಿ ಕ್ರೀಡಾ ಪುಟ ನನ್ನ ಪಾಲಿಗಿತ್ತು. ಮದ್ರಾಸಿನ ಎಳೆಯರ ಓಟದ ಫಲಿತಾಂಶ ಟೆಲಿಪ್ರಿಂಟರಿನಲ್ಲಿ ಬಂದಾಗ ಒಂದೆರಡು ಸಲ ಕೆಳಗಿನ ಸ್ಥಾನಗಳಲ್ಲಿ ಇಸ್ಮಾಯಿಲನ ಹೆಸರು ನೋಡಿದೆ. ಜಾಗವಿಲ್ಲದಿದ್ದರೂ ಆ ನಾಲ್ಕು ಸಾಲು ಹಾಕಿದೆ. ಪುಟ ಕಳಿಸುವ ಮೊದಲು ಪ್ರತಿ ಅಂಕಿಯನ್ನೂ ಮೂಲದೊಂದಿಗೆ ಎರಡು ಸಲ ತಾಳೆ ನೋಡುವವಳೆಂದು ಕಚೇರಿಯಲ್ಲಿ ನನಗೆ ಹೆಸರಿತ್ತು. ಹೊಸಬರಿಗೆ ನಾನು ಹೇಳಿಕೊಡುತ್ತಿದ್ದುದು ಒಂದೇ: ಎದುರಿಗಿದ್ದದ್ದನ್ನು ಸರಿಯಾಗಿ ಎಣಿಸಿದರೆ ಸಾಲದು, ಅಲ್ಲಿಂದ ಏನಾದರೂ ಹೋಗಿದೆಯೇ ಎಂದು ಕೇಳಬೇಕು. ಏಕೆ ಹೀಗೆ ಹೇಳುತ್ತೇನೆಂದು ಯಾರಿಗೂ ಹೇಳಲಿಲ್ಲ. ಆಯಿ ತೀರಿಕೊಂಡಳು, ಆಮೇಲೆ ಅಪ್ಪ. ಅವನಿಗೂ ಹೇಳಲಿಲ್ಲ.

ನನ್ನ ನೆನಪುಗಳ ಪುಸ್ತಕದ ಈ ಅಧ್ಯಾಯವನ್ನು ಬರೆಯುವ ಮೊದಲು ಕಸ್ತೂರಿಗೆ ಫೋನ್ ಮಾಡಿದೆ. ಅವಳು ಜೇವರ್ಗಿಯಲ್ಲಿದ್ದಾಳೆ. ಹೊಲ, ಬೀಜದ ಅಂಗಡಿ ನೋಡಿಕೊಳ್ಳುತ್ತಾಳೆ; ಟ್ರ್ಯಾಕ್ಟರನ್ನು ತಾನೇ ಓಡಿಸುತ್ತಾಳೆ. ಕೋಳಿಯ ವಿಷಯ ಹೇಳಿದೆ.

"ನಾ ಹನ್ನೆರಡು ಎಣಿಸಿದ್ದೆ," ಎಂದಳು.

"ಮತ್ತ ಯಾಕ ಹೇಳಲಿಲ್ಲ ಕಸ್ತೂರಿ?"

"ತಾಟಿನ್ಯಾಗ ಹನ್ನೊಂದು ಅಂತ ನೀ ಅಂದಿ. ನೀ ಬರಿಯೂದು ತಪ್ಪಂಗಿಲ್ಲ ಅಂತ ಮಾಮಾ ಯಾವಾಗ್ಲೂ ಅಂತಿದ್ರು. ನಂದೇ ಲೆಕ್ಕ ತಪ್ಪೇದ ಅನ್ಕೊಂಡೆ. ಇವತ್ತಿಗೂ ಅಂಗಡ್ಯಾಗ ಬೀಜದ ಚೀಲ ಎರಡೆರಡು ಸಲ ಎಣಸ್ತೇನಿ. ಒಂದ್ ಸಲ ಎಣಿಸಿದ್ರ ನಂಬಿಕಿ ಬರಂಗಿಲ್ಲ ನಂಗ."

ನಾನು ಏನೋ ಹೇಳತೊಡಗಿದೆ. ಅವಳು ತಡೆದಳು.

"ಇರ್ಲಿ ಬಿಡು. ಆ ನೋಟ್‌ಬುಕ್ ಅದ ಏನು?"

"ಅದ."

"ಕಳಸು."

ಮರುದಿನ ಆ ಪುಟ ತೆಗೆದು, ಹಳೆಯ ಸಾಲಿನ ಮೇಲೆ ಒಂದು ಗೆರೆ ಎಳೆದೆ, ಓದಲು ಬರುವಂತೆ. ಕೆಳಗೆ ಬರೆದೆ: ಕಸ್ತೂರಿ, ಆಳಂದ, ಹನ್ನೆರಡು ಸುತ್ತು, ಮೊದಲು. ಇಸ್ಮಾಯಿಲ್, ಅಫಜಲಪುರ, ಎರಡನೆಯದು. ಪಕ್ಕದಲ್ಲಿ ಸಹಿ, ಅಂದಿನ ತಾರೀಖು. ನೋಟ್‌ಬುಕ್ಕನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಜೇವರ್ಗಿಗೆ ಕಳಿಸಿದೆ. ಎಂಟು ದಿನಕ್ಕೆ ಸ್ವೀಕೃತಿ ಚೀಟಿ ಮರಳಿ ಬಂತು. ಸಹಿ ಕಸ್ತೂರಿಯದು.